ಮುರಿಯದೆ ತಿಳಿಯುವುದು

ನಮ್ಮ ಮನೆಯ ಹಿಂಬದಿಯ ಸೌದೆ ಕೊಟ್ಟಿಗೆಯ ಮಾಡು ಕಳೆದ ಮಳೆಗಾಲದಲ್ಲಿ ಒಂದು ಕಡೆಗೆ ಜಗ್ಗಿತು. ಮಳೆ ನಿಂತ ಮೇಲೆ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿಸುವುದೆಂದು ತೀರ್ಮಾನಿಸಿ, ತೋಟದ ಅಂಚಿನ ಸಿಲ್ವರ್ ಓಕ್ ಮರಗಳಲ್ಲಿ ತೆಳ್ಳಗಿನವನ್ನು ಕಡಿಸಿ, ಸಿಪ್ಪೆ ತೆಗೆಸಿ, ನೆರಳಿನಲ್ಲಿ ಒಣಗಲು ಬಿಟ್ಟೆವು. ಈ ವರ್ಷದ ಫೆಬ್ರವರಿಯಲ್ಲಿ ಆಚಾರ್ರು ಬಂದರು. ಬಂದವರು ಬಾಚಿಯನ್ನಾಗಲಿ ಗರಗಸವನ್ನಾಗಲಿ ಚೀಲದಿಂದ ತೆಗೆಯಲಿಲ್ಲ. ಒಂದು ಸಣ್ಣ ಸುತ್ತಿಗೆಯನ್ನು ಮಾತ್ರ ಹಿಡಿದು, ಒಂದೊಂದೇ ದಿಮ್ಮಿಯ ನಡುವಿಗೆ ಹಗ್ಗದ ಕುಣಿಕೆ ಹಾಕಿ ತುಸು ಮೇಲೆತ್ತಿಸಿ, ಅದರ ತುದಿಗೆ ಮೆಲ್ಲಗೆ ತಟ್ಟಿ, ಕತ್ತು ವಾಲಿಸಿ ಕೇಳತೊಡಗಿದರು.

"ಇವರೇನು ಮರ ಆರಿಸುತ್ತಿದ್ದಾರೋ, ಮದ್ದಲೆಗೆ ಶ್ರುತಿ ಮಾಡುತ್ತಿದ್ದಾರೋ?" ಎಂದು ನನ್ನ ಮಡದಿ ನಕ್ಕಳು. ನಾನು ನಗಲಿಲ್ಲ. ಊರಿಗೆಲ್ಲ ಆತ ಆಚಾರ್ರು. ನನಗೆ ಮಾತ್ರ ಈಗಲೂ ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನ ಹುಡುಗ. ಆ ತಟ್ಟುವ ಸದ್ದನ್ನು ನಾನು ಮೊದಲು ಕೇಳಿದ್ದು 1981ರಲ್ಲಿ. ಅದರ ಹಿಂದೆ ಒಂದು ಕಥೆಯಿದೆ, ಆ ಕಥೆಯಲ್ಲಿ ನನ್ನದೊಂದು ತಪ್ಪಿದೆ. ಎರಡನ್ನೂ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

*

ಆಗ ನಾನು ಮಲೆನಾಡಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ವಯಸ್ಸು ಇಪ್ಪತ್ತೆಂಟು. ಭೌತಶಾಸ್ತ್ರದ ಪದವಿ ಪಡೆದವನೆಂಬ ಹೆಮ್ಮೆ ಅಂಗಿಯ ಜೇಬಿನಲ್ಲಿದ್ದ ಪೆನ್ನಿನಷ್ಟೇ ಎದ್ದು ಕಾಣುತ್ತಿತ್ತು. ಶಾಲೆಗೆ ಸಭಾಂಗಣವಿರಲಿಲ್ಲ, ಮಳೆ ಬಂದರೆ ಪ್ರಾರ್ಥನೆ ಜಗಲಿಯಲ್ಲಿ. ಊರವರು ಸೇರಿ ಒಂದು ಹೆಂಚಿನ ಮಾಡು ಕಟ್ಟಿಕೊಡಲು ಮುಂದಾದರು. ಹೆಂಚು ಒಬ್ಬರದು, ಕಲ್ಲು ಒಬ್ಬರದು. ಮರ ಮಾತ್ರ ಎಲ್ಲರದೂ. ಯಾರೂ ದೊಡ್ಡ ಮರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕಾಫಿ ತೋಟದ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್, ಬೇಲಿಯಂಚಿನ ನೀಲಗಿರಿ ಎಂದು ಸಣ್ಣ ದಿಮ್ಮಿಗಳೇ ಬಂದು ಬಿದ್ದವು. ಒಟ್ಟು ನಲವತ್ತು. ಎಲ್ಲವನ್ನೂ ಮೂರು ಮೀಟರ್ ಉದ್ದಕ್ಕೆ ಕತ್ತರಿಸಿದ್ದಾಯಿತು. ದಪ್ಪ ಹೆಚ್ಚುಕಡಿಮೆ ಎಂಟು ಸೆಂಟಿಮೀಟರ್.

ಮುಖ್ಯೋಪಾಧ್ಯಾಯರಿಗೆ ಅನುಮಾನ. "ಇಷ್ಟು ಸಪೂರದ ಮರ ಹೆಂಚಿನ ಭಾರ ತಡೆಯುತ್ತದೆಯೇ? ಕೆಳಗೆ ಕೂರುವುದು ಮಕ್ಕಳು" ಎಂದರು. ನಾನು ತಕ್ಷಣ, "ಪರೀಕ್ಷೆ ಮಾಡಿಯೇ ಹೇಳುತ್ತೇನೆ ಸರ್" ಎಂದೆ. ಅಂದು ಮಧ್ಯಾಹ್ನವೇ ಮಕ್ಕಳನ್ನು ಕಲೆಹಾಕಿ, ಎರಡು ಗಟ್ಟಿ ಕಲ್ಲಿನ ಕಟ್ಟೆಗಳ ಮೇಲೆ ಒಂದು ದಿಮ್ಮಿಯನ್ನಿರಿಸಿ, ಅದರ ನಡುವಿಗೆ ಹಗ್ಗದಿಂದ ಹಲಗೆಯೊಂದನ್ನು ತೂಗುಬಿಟ್ಟು, ಅದರ ಮೇಲೆ ಜಂಬಿಟ್ಟಿಗೆ ಕಲ್ಲುಗಳನ್ನು ಒಂದೊಂದಾಗಿ ಪೇರಿಸಿದೆವು. ಮಕ್ಕಳಿಗೆ ಹಬ್ಬ. ಮೊದಲನೆಯದು ನಾನೂರು ಕಿಲೋಗೆ ತುಸು ಮುಂಚೆ ಲಟ್ಟೆಂದು ಮುರಿಯಿತು. ಎರಡನೆಯದು ಇನ್ನೂರೈವತ್ತಕ್ಕೇ ಕೈಕೊಟ್ಟಿತು. ಮೂರನೆಯದು ನಾನೂರೈವತ್ತನ್ನೂ ದಾಟಿತು. ಮೂರು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಸರಾಸರಿ ತೆಗೆದು, ಕೆಳಗೆ ಎರಡು ಗೆರೆ ಎಳೆದೆ.

ಆಗ ಮಾಡು ಕಟ್ಟಲು ಒಪ್ಪಿಕೊಂಡಿದ್ದ ಹಿರಿಯ ಆಚಾರ್ರು ಬಂದರು. ಮುರಿದ ಮೂರು ದಿಮ್ಮಿಗಳ ಬಳಿ ಕುಳಿತು, ಸೀಳಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಮೇಷ್ಟ್ರೇ, ಇದನ್ನ ಮುರ್ದು ನೋಡಿದ್ರಿ. ಇದ್ರದ್ದು ಗೊತ್ತಾಯ್ತು. ಆದ್ರೆ ಮಾಡಿಗೆ ಹಾಕೋದು ಇದನ್ನಲ್ಲ, ಉಳ್ದದ್ದನ್ನ. ಅದ್ರದ್ದು ಹ್ಯಾಂಗೆ ಗೊತ್ತಾತು?"

ನನ್ನ ಬಳಿ ಉತ್ತರವಿರಲಿಲ್ಲ. ಸರಾಸರಿಯ ಕೆಳಗೆ ಎಳೆದ ಎರಡು ಗೆರೆಗಳು ನನ್ನನ್ನು ನೋಡಿ ಹಲ್ಲುಕಿರಿದಂತೆ ತೋರಿತು. ಕಬ್ಬಿಣದ ಸರಳಾದರೆ ಒಂದು ಮುರಿದು ನೋಡಿ ಅದೇ ಎರಕದ ಉಳಿದವುಗಳ ಬಗ್ಗೆ ಹೇಳಬಹುದು. ಮರ ಹಾಗಲ್ಲ. ಒಂದೇ ತೋಟದಲ್ಲಿ, ಒಂದೇ ವರ್ಷ ನೆಟ್ಟ ಎರಡು ಸಸಿಗಳು ಎರಡು ಬಗೆಯಾಗಿ ಬೆಳೆಯುತ್ತವೆ. ಒಂದಕ್ಕೆ ಬಿಸಿಲು ಹೆಚ್ಚು, ಇನ್ನೊಂದಕ್ಕೆ ಗಾಳಿ ಹೆಚ್ಚು. ಒಂದರಲ್ಲಿ ಗಂಟು, ಇನ್ನೊಂದರಲ್ಲಿ ಎಳೆ ಓರೆ. ನನ್ನ ಮೂರು ಅಂಕಿಗಳೇ ಅದಕ್ಕೆ ಸಾಕ್ಷಿಯಾಗಿದ್ದವು. ಸರಾಸರಿಯನ್ನು ನಂಬಿ ಮಾಡು ಕಟ್ಟಿದ್ದರೆ, ಎರಡನೆಯ ದಿಮ್ಮಿಯಂಥದ್ದು ಯಾವ ಮಕ್ಕಳ ತಲೆಯ ಮೇಲೆ ಇರುತ್ತಿತ್ತೋ ಹೇಳುವವರಾರು?

*

ಅಂದು ರಾತ್ರಿ ಪುಸ್ತಕ ತೆರೆದು ಕುಳಿತೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನಾನು ವರ್ಷಕ್ಕೊಮ್ಮೆ ತಪ್ಪದೆ ಪಾಠ ಮಾಡುತ್ತಿದ್ದೆ. ಸ್ಥಿತಿಸ್ಥಾಪಕ ವಸ್ತುವೊಂದು ಎಷ್ಟು ಹಿಗ್ಗುತ್ತದೆ ಅಥವಾ ಬಾಗುತ್ತದೆ ಎಂಬುದು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ. ಒಂದು ಮಿತಿಯೊಳಗೆ ಬಲವನ್ನು ತೆಗೆದರೆ ವಸ್ತು ಮೊದಲಿನ ಸ್ಥಿತಿಗೆ ಮರಳುತ್ತದೆ. ಈ 'ಮಿತಿಯೊಳಗೆ' ಎಂಬ ಮಾತನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೆನೇ ಹೊರತು ಅದರಲ್ಲೇ ಆಚಾರ್ರ ಪ್ರಶ್ನೆಗೆ ಉತ್ತರವಿದೆಯೆಂದು ಹೊಳೆದಿರಲಿಲ್ಲ. ಮುರಿಯುವ ತನಕ ಹೋಗುವುದೇಕೆ? ಸ್ವಲ್ಪವೇ ಬಾಗಿಸಿ, ಎಷ್ಟು ಬಾಗಿತೆಂದು ಅಳೆದು, ಭಾರ ಇಳಿಸಿದರೆ ಸಾಕಲ್ಲವೇ? ದಿಮ್ಮಿಯೂ ಉಳಿಯಿತು, ಅದರ ಗುಣವೂ ತಿಳಿಯಿತು.

ಇಲ್ಲೊಂದು ಮಾತು ಸ್ಪಷ್ಟಪಡಿಸಬೇಕು. ಬಾಗದಿರುವ ಬಿಗುವು ಬೇರೆ, ಮುರಿಯದಿರುವ ಗಟ್ಟಿತನ ಬೇರೆ. ಬಿಗುವನ್ನು ಅಳೆಯಲು ಮರವನ್ನು ಮುರಿಯಬೇಕಿಲ್ಲ. ಗಟ್ಟಿತನವನ್ನು ನೇರವಾಗಿ ಅಳೆಯಬೇಕಾದರೆ ಮುರಿಯಲೇಬೇಕು. ಆದರೆ ಮರದಲ್ಲಿ ಇವೆರಡೂ ಬಹುಮಟ್ಟಿಗೆ ಜೊತೆಯಾಗಿ ಹೋಗುತ್ತವೆ. ಬಿಗುವಾದದ್ದು ಸಾಮಾನ್ಯವಾಗಿ ಗಟ್ಟಿಯೂ ಆಗಿರುತ್ತದೆ. ಈ ನಂಟನ್ನೇ ಆಧಾರವಾಗಿಟ್ಟುಕೊಂಡು 1960ರ ದಶಕದಲ್ಲಿ ಕೆಲವು ದೇಶಗಳು ಪ್ರತಿಯೊಂದು ಹಲಗೆಯನ್ನೂ ಯಂತ್ರದಲ್ಲಿ ತುಸುವೇ ಬಾಗಿಸಿ ದರ್ಜೆ ಕೊಡಲಾರಂಭಿಸಿದವು.

ಮಾರನೆಯ ದಿನ ಹೊಸ ಏರ್ಪಾಡು ಮಾಡಿದೆ. ಮನೆಯಲ್ಲಿಯೇ ಇದನ್ನು ಮಾಡಿ ನೋಡಬಯಸುವವರಿಗಾಗಿ ವಿವರವಾಗಿ ಬರೆಯುತ್ತೇನೆ. ಎರಡು ಆಧಾರಗಳ ನಡುವೆ 2.5 ಮೀಟರ್ ಅಂತರ. ದಿಮ್ಮಿಯ ಎರಡು ತುದಿಗಳಲ್ಲಿ, ಆಧಾರಗಳ ನೇರಕ್ಕೆ, ಒಂದೊಂದು ಸಣ್ಣ ಮೊಳೆ. ಅವೆರಡಕ್ಕೆ ಬಿಗಿಯಾಗಿ ಕಟ್ಟಿದ ದಾರ. ನಡುವಿನಲ್ಲಿ ದಿಮ್ಮಿಗೆ ಅಂಟಿಸಿದ ಅಳತೆಪಟ್ಟಿ, ಅದರ ಪಕ್ಕದಲ್ಲಿ ಒಂದು ಕನ್ನಡಿ ಚೂರು. ದಾರವೂ ಕನ್ನಡಿಯಲ್ಲಿನ ಅದರ ಬಿಂಬವೂ ಒಂದಾಗಿ ಕಂಡಾಗ ಓದಿದರೆ ಕಣ್ಣಿನ ತಪ್ಪು ಇರುವುದಿಲ್ಲ. ಮೊದಲು ಐದು ಕಿಲೋ ತೂಗಿಸಬೇಕು. ದಿಮ್ಮಿ ಆಧಾರದ ಮೇಲೆ ಸರಿಯಾಗಿ ಕೂರುವುದಕ್ಕೆ ಅದು. ಆಗಿನ ಓದನ್ನು ಬರೆದುಕೊಂಡು, ಅದರ ಮೇಲೆ ನಲವತ್ತು ಕಿಲೋ ಸೇರಿಸಿ ಮತ್ತೆ ಓದಬೇಕು. ವ್ಯತ್ಯಾಸವೇ ಬಾಗು. ಬಳಿಕ ನಲವತ್ತನ್ನೂ ಇಳಿಸಿ, ದಾರ ಮೊದಲಿನ ಗೆರೆಗೇ ಮರಳಿತೇ ಎಂದು ನೋಡಬೇಕು. ಮರಳದಿದ್ದರೆ ನಾವು ಮಿತಿ ದಾಟಿದೆವೆಂದು ಅರ್ಥ. ಕೊನೆಗೆ ದಿಮ್ಮಿಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆದು ಎರಡರ ಸರಾಸರಿ ತೆಗೆಯಬೇಕು. ಮರ ಎಲ್ಲ ದಿಕ್ಕಿನಲ್ಲೂ ಒಂದೇ ಸಮನೆ ಬಾಗುವುದಿಲ್ಲ.

ನಲವತ್ತು ಕಿಲೋ ಎಂದರೆ ಹಿಂದಿನ ದಿನ ಮುರಿದವುಗಳಲ್ಲಿ ಅತ್ಯಂತ ದುರ್ಬಲವಾದದ್ದನ್ನು ಮುರಿದ ಹೊರೆಯ ಆರನೇ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟಕ್ಕೇ ಉತ್ತರ ಸಿಕ್ಕಿತು. ಒಳ್ಳೆಯವು ಆರು ಮಿಲಿಮೀಟರಿನಷ್ಟು ಬಾಗಿದವು. ಸಪ್ಪೆಯವು ಹತ್ತನ್ನೂ ದಾಟಿದವು. ಮಾಡಿಗೆ ದಿಮ್ಮಿ ಆರಿಸಲು ಈ ಬಾಗೊಂದೇ ಸಾಕು. ಮರದ ಗುಣವನ್ನೇ ಬೇರ್ಪಡಿಸಿ ತಿಳಿಯಬೇಕಾದರೆ, ಅಂದರೆ ಥಾಮಸ್ ಯಂಗ್‌ನ ಹೆಸರಿನಲ್ಲಿರುವ ಗುಣಾಂಕವನ್ನು ಲೆಕ್ಕಹಾಕಬೇಕಾದರೆ, ದಪ್ಪವನ್ನೂ ಅಂತರವನ್ನೂ ಎಚ್ಚರಿಕೆಯಿಂದ ಅಳೆಯಬೇಕು. ಬಾಗು ಅಂತರದ ಘನದಂತೆ ಏರುತ್ತದೆ, ವ್ಯಾಸದ ನಾಲ್ಕನೆಯ ಘಾತದಂತೆ ಇಳಿಯುತ್ತದೆ. ದಪ್ಪ ಐದನೇ ಒಂದು ಪಾಲು ಹೆಚ್ಚಾದರೆ ದಿಮ್ಮಿಯ ಬಿಗುವು ಎರಡರಷ್ಟಾಗುತ್ತದೆ! ಅದಕ್ಕೇ ವ್ಯಾಸವನ್ನು ಅಳೆಯುವಾಗ ನೂರಕ್ಕೆ ಐದರಷ್ಟು ತಪ್ಪಿದರೆ ಗುಣಾಂಕದಲ್ಲಿ ನೂರಕ್ಕೆ ಇಪ್ಪತ್ತರಷ್ಟು ತಪ್ಪು ಬರುತ್ತದೆ. ಸಣ್ಣ ದಿಮ್ಮಿಗಳಲ್ಲಿ ಇದೇ ದೊಡ್ಡ ತೊಡಕು. ಅವು ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ, ಎಲ್ಲೂ ಪೂರ್ತಿ ದುಂಡಗಿಲ್ಲ. ಸುತ್ತಳತೆಯನ್ನು ಮೂರು ಕಡೆ ದಾರದಿಂದ ಅಳೆದು ವ್ಯಾಸ ತೆಗೆಯುವುದೇ ಕ್ಷೇಮ.

*

ನಾನು ಹೀಗೆ ದಾರ, ಕನ್ನಡಿ, ತೂಕದ ಕಲ್ಲುಗಳೊಡನೆ ಒದ್ದಾಡುತ್ತಿದ್ದಾಗ ಆಚಾರ್ರ ಮಗ ಮೂಲೆಯಲ್ಲಿ ತನ್ನ ಕೆಲಸ ನಡೆಸಿದ್ದ. ಅವನು ನನ್ನ ತರಗತಿಯವನೇ. ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಹುಕ್‌ನ ನಿಯಮ ಹೇಳಲಾರದ್ದಕ್ಕೆ ಎರಡು ಪೀರಿಯಡ್ ಪೂರ್ತಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನೇ. ಅಂಥವನು ಈಗ ಅಪ್ಪನ ಕೊಡತಿಯಿಂದ ಒಂದೊಂದು ದಿಮ್ಮಿಯ ತುದಿಗೆ ತಟ್ಟಿ, ಕೇಳಿ, ಎಳೆದು ಮೂರು ರಾಶಿ ಮಾಡುತ್ತಿದ್ದ.

"ಏನೋ ಅದು?" ಎಂದು ಗದರಿದೆ.

"ಇದು ಚಲೋ ಕೂಗ್ತದೆ ಸಾರ್. ಇದು ನಡೂಕಿಂದು. ಇದು ಬೊದ್ದು."

ಗಡಿಗೆ ಕೊಳ್ಳುವಾಗ ನಮ್ಮ ತಾಯಂದಿರು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಹಲಸಿನ ಹಣ್ಣನ್ನೂ ತೆಂಗಿನಕಾಯಿಯನ್ನೂ ಈಗಲೂ ತಟ್ಟಿಯೇ ಆರಿಸುತ್ತೇವೆ. ಆದರೂ ವಿಜ್ಞಾನದ ಪದವೀಧರನಾದ ನನಗೆ ಅದು ಪರೀಕ್ಷೆಯೆನ್ನಿಸಲಿಲ್ಲ. ಅವನ ತಪ್ಪನ್ನು ತೋರಿಸಿಕೊಡೋಣವೆಂದೇ ಅವನ ಮೂರು ರಾಶಿಗಳ ದಿಮ್ಮಿಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನನ್ನ ಬಾಗಿನ ಪಟ್ಟಿಯೊಡನೆ ಹೋಲಿಸಿದೆ. ಉಳಿದಿದ್ದ ಮೂವತ್ತೇಳರಲ್ಲಿ ಮೂವತ್ತೊಂದು ತಾಳೆಯಾದವು. ಎರಡು ದಿನ ಬೆವರಿಳಿಸಿ ನಾನು ಕಂಡದ್ದನ್ನು ಅವನು ಅರ್ಧ ತಾಸಿನಲ್ಲಿ ಕಂಡಿದ್ದ.

ಇದು ಕಣ್ಕಟ್ಟಲ್ಲ. ತುದಿಗೆ ಹೊಡೆದಾಗ ಹುಟ್ಟುವ ಒತ್ತಡದ ಅಲೆ ದಿಮ್ಮಿಯ ಉದ್ದಕ್ಕೂ ಓಡಿ, ಆಚೆ ತುದಿಗೆ ಬಡಿದು, ಹಿಂದಿರುಗಿ, ಮತ್ತೆ ಓಡುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಮರದ ಎಳೆಯ ಉದ್ದಕ್ಕೆ ಅದರ ಹತ್ತುಪಟ್ಟಿನಷ್ಟು ವೇಗದಲ್ಲಿ ಸಾಗುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಹೋಗಿಬರುತ್ತದೆಯೋ ಅದೇ ನಮಗೆ ಕೇಳುವ ಸ್ವರ. ಆ ಕಂಪನಸಂಖ್ಯೆಯನ್ನು ಉದ್ದದ ಎರಡರಷ್ಟರಿಂದ ಗುಣಿಸಿದರೆ ವೇಗ. ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿದರೆ ಯಂಗ್‌ನ ಗುಣಾಂಕ. ಲೆಕ್ಕ ಇಷ್ಟೇ. ಜರ್ಮನಿಯ ಕ್ಲಾಡ್ನಿ (1756-1827) ಸರಳುಗಳನ್ನು ಉದ್ದುದ್ದಕ್ಕೆ ಮಿಡಿಯುವಂತೆ ಮಾಡಿ, ಅವುಗಳ ಸ್ವರದಿಂದಲೇ ಘನವಸ್ತುಗಳಲ್ಲಿ ಶಬ್ದದ ವೇಗವನ್ನು ಕಂಡುಕೊಂಡಿದ್ದ. ಈ ಕಂಪನದಲ್ಲಿ ಎರಡು ತುದಿಗಳು ಅಲುಗಿದರೂ ನಟ್ಟನಡು ಮಾತ್ರ ಅಲುಗುವುದಿಲ್ಲ. ಆದ್ದರಿಂದ ದಿಮ್ಮಿಯನ್ನು ನಡುವಿನಲ್ಲಿ ತೂಗಿದರೆ ಸ್ವರ ಕೆಡುವುದಿಲ್ಲ. ಹುಡುಗ ನಡುವಿಗೇ ಹಗ್ಗ ಹಾಕುತ್ತಿದ್ದ. "ಯಾಕೋ?" ಎಂದರೆ, "ಅಪ್ಪ ಹಾಂಗೇ ಮಾಡ್ತಾರೆ ಸಾರ್" ಎಂದ.

ಶಾಲೆಯ ಭಜನೆಯ ಹಾರ್ಮೋನಿಯಂ ತರಿಸಿ, ದಿಮ್ಮಿಯ ಸ್ವರಕ್ಕೆ ಹೊಂದುವ ಮನೆಯನ್ನು ಹುಡುಕಿ ಗುರುತು ಮಾಡಿದೆ. ಯಕ್ಷಗಾನದ ಭಾಗವತರು ಕರಿ ಎರಡು, ಬಿಳಿ ಮೂರು ಎನ್ನುವಂತೆ ನಮ್ಮ ದಿಮ್ಮಿಗಳಿಗೂ ಶ್ರುತಿಗಳು ಬಂದವು. ಉದ್ದವೂ ಸಾಂದ್ರತೆಯೂ ಒಂದೇ ಆಗಿದ್ದು ಸ್ವರ ಒಂದು ಮನೆ ಮೇಲಿದ್ದರೆ ಬಿಗುವು ನೂರಕ್ಕೆ ಸುಮಾರು ಹನ್ನೆರಡರಷ್ಟು ಹೆಚ್ಚು. ಒಂದು ಸ್ಥಾಯಿಯೇ ಮೇಲಿದ್ದರೆ ನಾಲ್ಕರಷ್ಟು.

ತಾಳೆಯಾಗದ ಆರು ದಿಮ್ಮಿಗಳೇ ನನಗೆ ಹೆಚ್ಚು ಕಲಿಸಿದವು. ನಾಲ್ಕು ಆಗತಾನೇ ಕಡಿದು ತಂದವು, ನೀರು ತುಂಬಿಕೊಂಡಿದ್ದವು. ನೀರು ತೂಕ ಕೊಡುತ್ತದೆ, ಬಿಗುವು ಕೊಡುವುದಿಲ್ಲ. ಹಾಗಾಗಿ ಅಲೆ ನಿಧಾನವಾಗಿ, ಸ್ವರ ತಗ್ಗಿತ್ತು. ಹಸಿಮರ ಒಣಗುತ್ತ ತೇವ ನೂರಕ್ಕೆ ಸುಮಾರು ಮೂವತ್ತಕ್ಕಿಂತ ಕೆಳಗಿಳಿದ ಮೇಲೆ ಮರದ ಎಳೆಗಳೇ ಬಿಗಿಯತೊಡಗುತ್ತವೆ. ಹಸಿಯದನ್ನೂ ಒಣಗಿದ್ದನ್ನೂ ಒಂದೇ ಸಾಲಿನಲ್ಲಿಟ್ಟು ತಟ್ಟಿ ನೋಡುವುದು ನ್ಯಾಯವಲ್ಲ. ಐದನೆಯದು ಬಹಳ ಭಾರವಾದ ನೀಲಗಿರಿ. ಚೆನ್ನಾಗಿಯೇ ಬಿಗುವಿತ್ತು, ಆದರೆ ತೂಕದಿಂದಾಗಿ ಹಗುರಾದ ಸಿಲ್ವರ್ ಓಕಿಗಿಂತ ತಗ್ಗಿನ ಸ್ವರ ಕೊಡುತ್ತಿತ್ತು. ಜಾತಿ ಬೇರೆಯಾದರೆ ತಕ್ಕಡಿಯೂ ಬೇಕು, ಕಿವಿಯೊಂದೇ ಸಾಲದು. ಈ ಐದರಲ್ಲಿ ನನ್ನ ದಾರ ಗೆದ್ದಿತು.

ಆರನೆಯದರಲ್ಲಿ ನಾನು ಸೋತೆ. ಅದು ಆರೇ ಮಿಲಿಮೀಟರ್ ಬಾಗಿತ್ತು. ನನ್ನ ಪಟ್ಟಿಯಲ್ಲಿ ಮೊದಲ ದರ್ಜೆ. ಹುಡುಗ ಮಾತ್ರ, "ಬೊದ್ದು ಸಾರ್, ಬ್ಯಾಡ" ಎಂದು ಹಟ ಹಿಡಿದ. ಆಚಾರ್ರು ಮಾತಿಲ್ಲದೆ ಗರಗಸ ತಂದು ತುದಿಯಿಂದ ಒಂದೂವರೆ ಗೇಣು ಕೊಯ್ದರು. ಒಳಗೆ ತಿರುಳಿನ ಸುತ್ತ ಉದ್ದುದ್ದ ಬಿರುಕು, ಅದರೊಳಗೆ ಹುಳುವಿನ ಪುಡಿ. ನಡುವಿನಲ್ಲಿ ಭಾರ ತೂಗಿಸಿದ ನನಗೆ ತುದಿಯ ರೋಗ ಕಾಣಿಸಿರಲಿಲ್ಲ. ಅಲೆಯಾದರೋ ದಿಮ್ಮಿಯ ಉದ್ದಗಲವನ್ನೆಲ್ಲ ಸುತ್ತಿ ಬಂದು ಸುದ್ದಿ ಹೇಳಿತ್ತು.

ಹದಿನೈದು ದಿನದಲ್ಲಿ ಮಾಡು ಎದ್ದು ನಿಂತಿತು. ಚೆನ್ನಾಗಿ ಕೂಗಿದವು ನಡುವಿಗೆ, ಮಧ್ಯಮದವು ಅಂಚಿಗೆ, ಬೊದ್ದಾದವು ಬಿಸಿಯೂಟವಿಲ್ಲದ ಆ ಕಾಲದಲ್ಲಿ ಶಾಲಾ ವಾರ್ಷಿಕೋತ್ಸವದ ಅಡುಗೆ ಒಲೆಗೆ.

*

ಮಾರ್ಚ್ ಬಂತು, ವಾರ್ಷಿಕ ಪರೀಕ್ಷೆ ಬಂತು. ಒಂಬತ್ತನೆಯ ತರಗತಿಯ ವಿಜ್ಞಾನದ ಪತ್ರಿಕೆ ತೆಗೆದವನು ನಾನು. ಐದು ಅಂಕದ ಒಂದು ಪ್ರಶ್ನೆ ಹೀಗಿತ್ತು: 'ಹುಕ್‌ನ ನಿಯಮವನ್ನು ನಿರೂಪಿಸಿ, ವಿವರಿಸಿ.' ಆ ಹುಡುಗ ಪ್ರಶ್ನೆಯ ಸಂಖ್ಯೆಯನ್ನು ಬರೆದು ಕೆಳಗೆ ಖಾಲಿ ಬಿಟ್ಟಿದ್ದ. ಒಟ್ಟು ಮೂವತ್ತೊಂದು ಅಂಕ. ತೇರ್ಗಡೆಗೆ ಮೂವತ್ತೈದು.

ಫಲಿತಾಂಶದ ಸಭೆಯಲ್ಲಿ ಮುಖ್ಯೋಪಾಧ್ಯಾಯರು, "ಮಾಡು ಕಟ್ಟಿದವರ ಮಗ. ನಾಲ್ಕೇ ಅಂಕ. ಏನಾದರೂ ನೋಡಬಹುದೇ?" ಎಂದು ಕೇಳಿದರು. ಕೇಳುವಾಗ ಅವರು ಕುಳಿತಿದ್ದದ್ದು ಅದೇ ಮಾಡಿನ ಕೆಳಗೆ. ನಾನು, "ಖಾಲಿ ಹಾಳೆಗೆ ಅಂಕ ಕೊಡುವುದು ಹೇಗೆ ಸರ್? ನಿಯಮ ಎಲ್ಲರಿಗೂ ಒಂದೇ" ಎಂದೆ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಹೇಳಿದ ನನಗೆ ಆ ಹುಡುಗನಿಗೆ ಹುಕ್‌ನ ನಿಯಮ ಗೊತ್ತಿದೆಯೆಂಬುದು ಚೆನ್ನಾಗಿ ತಿಳಿದಿತ್ತು. ಒಂದು ದಿಮ್ಮಿಯನ್ನು ಕೊಟ್ಟು ತೋರಿಸು ಎಂದಿದ್ದರೆ ಅವನು ತೋರಿಸುತ್ತಿದ್ದ. ನಾನು ಹಾಗೆ ಕೇಳಲಿಲ್ಲ; ಕೇಳಬಹುದೆಂದು ನನಗೆ ತೋಚಲೂ ಇಲ್ಲ.

ಜೂನ್‌ನಲ್ಲಿ ಅವನು ಶಾಲೆಗೆ ಬರಲಿಲ್ಲ. ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಾನೆಂದು ಮಕ್ಕಳು ಹೇಳಿದರು. ವರ್ಗವಾಗಿ ಆ ಊರು ಬಿಡುವತನಕ ದಿನವೂ ಪ್ರಾರ್ಥನೆಯ ಹೊತ್ತಿಗೆ ತಲೆಯೆತ್ತಿದರೆ ಆ ದಿಮ್ಮಿಗಳು ಕಾಣುತ್ತಿದ್ದವು. ಮೂರನ್ನು ಮುರಿದು ಮೂವತ್ತೇಳರ ಬಗ್ಗೆ ಹೇಳಹೊರಟವನನ್ನು ಆಚಾರ್ರು ತಡೆದಿದ್ದರು. ಅವರ ಮಗನ ವಿಷಯದಲ್ಲಿ ನನ್ನನ್ನು ತಡೆಯುವವರಾರೂ ಇರಲಿಲ್ಲ.

*

ಮುಂದೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು ಹತ್ತಿತು. 1990ರ ದಶಕದಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ನೋಡಿಬಂದೆ. 1938ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಜಾಗ ಅದು. ಈಗಿನ ಹೆಸರು ಬಂದದ್ದು 1988ರಲ್ಲಿ. ಸಾಲಾಗಿ ಜೋಡಿಸಿಟ್ಟ ಮರದ ಮಾದರಿಗಳ ಮುಂದೆ ನಿಂತಾಗ, ಒಂದೊಂದನ್ನೂ ತಟ್ಟಿ ನೋಡಬೇಕೆಂಬ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ.

ಸಣ್ಣ ದಿಮ್ಮಿಗಳ ಪ್ರಶ್ನೆ ನಮ್ಮ ಹಳ್ಳಿಯದು ಮಾತ್ರವಲ್ಲವೆಂದೂ ತಿಳಿಯಿತು. ಅಮೆರಿಕದ ಪಶ್ಚಿಮ ಭಾಗದಲ್ಲಿ ದಶಕಗಳ ಕಾಲ ಕಾಡಿನ ಬೆಂಕಿಯನ್ನು ತಡೆಯುತ್ತ ಬಂದದ್ದರಿಂದ ಸಪೂರ ಮರಗಳು ಒತ್ತೊತ್ತಾಗಿ ಬೆಳೆದವು. ಅವನ್ನು ತೆರವು ಮಾಡದಿದ್ದರೆ ಹತ್ತಿದ ಬೆಂಕಿ ಆರದು. ತೆರವು ಮಾಡಿದರೆ ಆ ದಿಮ್ಮಿಗಳಿಗೆ ಬೆಲೆಯಿಲ್ಲ. ಯಾವುದು ಮನೆಗೆ, ಯಾವುದು ಕಾಗದಕ್ಕೆ, ಯಾವುದು ಒಲೆಗೆ ಎಂದು ಕೆಡಿಸದೆ ವಿಂಗಡಿಸುವ ದಾರಿಯನ್ನು ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಆರಂಭವಾದ ಅರಣ್ಯೋತ್ಪನ್ನ ಪ್ರಯೋಗಾಲಯದವರು ಹುಡುಕಿದರು. ಅವರು ಅನುಸರಿಸಿದ್ದೂ ಇವೇ ಮಾರ್ಗಗಳನ್ನು: ತುಸು ಬಾಗಿಸುವುದು, ನಡುಗಿಸುವುದು, ತುದಿಗೆ ತಟ್ಟಿ ಅಲೆಯ ವೇಗ ಅಳೆಯುವುದು. ನ್ಯೂಜಿಲೆಂಡಿನಲ್ಲಿ ರೇಡಿಯಾಟಾ ಪೈನ್ ದಿಮ್ಮಿಗಳನ್ನು ತಟ್ಟಿ ವಿಂಗಡಿಸುವ ಕೈಯುಪಕರಣಗಳೇ ಬಳಕೆಗೆ ಬಂದಿವೆ. ಎಳೆಯ ಮರದಲ್ಲಿ ತಿರುಳಿನ ಸುತ್ತಲಿನ ಭಾಗವೇ ಹೆಚ್ಚು; ಅಲ್ಲಿಯ ಕೋಶಭಿತ್ತಿಯ ಸೂಕ್ಷ್ಮ ನಾರುಗಳು ಉದ್ದಕ್ಕೆ ನೇರವಾಗಿರದೆ ಹೆಚ್ಚು ಓರೆಯಾಗಿ ಸುತ್ತಿಕೊಂಡಿರುತ್ತವೆ, ಅದರಿಂದ ಬಿಗುವು ಕಡಿಮೆ. ಹೊರಗಿನಿಂದ ನೋಡಿದರೆ ಇದು ಕಾಣದು. ಕೇಳಿದರೆ ತಿಳಿಯುತ್ತದೆ.

*

ನಿವೃತ್ತನಾಗಿ ಈ ಊರಿಗೆ ಬಂದು ನೆಲೆಸಿದ ಮೇಲೆ ಆತ ನನ್ನನ್ನು ಹುಡುಕಿಕೊಂಡು ಬಂದ. ನಾನು ಹುಡುಕಿಕೊಂಡು ಹೋಗಬೇಕಾಗಿತ್ತು, ಹೋಗಿರಲಿಲ್ಲ. ಈಗ ತಲೆ ನರೆತಿದೆ, ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಾರೆ. ಈ ಫೆಬ್ರವರಿಯಲ್ಲಿ ಬಂದಾಗ ಜೊತೆಯಲ್ಲಿ ಮಗಳ ಮಗನೂ ಇದ್ದ, ಪಿ.ಯು.ಸಿ. ಮೊದಲ ವರ್ಷದಲ್ಲಿ ವಿಜ್ಞಾನ ಓದುವ ಹುಡುಗ. ಅಜ್ಜ ತಟ್ಟುತ್ತಿದ್ದರೆ ಮೊಮ್ಮಗ ಮೊಬೈಲನ್ನು ದಿಮ್ಮಿಯ ಇನ್ನೊಂದು ತುದಿಗೆ ಹಿಡಿದ. ಕಂಪನಸಂಖ್ಯೆ ತೋರಿಸುವ ಆ್ಯಪ್ ಅದರಲ್ಲಿತ್ತು.

"590 ತೋರಿಸ್ತಿದೆ ಅಜ್ಜ."

ಆಚಾರ್ರು ನನ್ನ ಕಡೆ ತಿರುಗಿದರು. "ಅದ್ರಿಂದ ಏನಾದ್ರೂ ಲೆಕ್ಕ ಬರ್ತದಾ ಮೇಷ್ಟ್ರೇ? ಆವತ್ತು ನೀವು ಹಾರ್ಮೋನಿಯಂ ಹಿಡ್ಕೊಂಡು ಏನೋ ಬರೀತಿದ್ರಿ. ನಂಗೆ ಕೇಳ್ಬೇಕು ಅಂತಿತ್ತು. ಧೈರ್ಯ ಬರ್ಲಿಲ್ಲ."

ನನಗೆ ತಕ್ಷಣ ಮಾತು ಹೊರಡಲಿಲ್ಲ. ತಕ್ಕಡಿ ತರಿಸಿದೆ. ದಿಮ್ಮಿಯ ತೂಕ 12 ಕಿಲೋ, ಉದ್ದ 3 ಮೀಟರ್, ವ್ಯಾಸ 9 ಸೆಂಟಿಮೀಟರ್. ಆತನ ಕಿವಿಯ ಮೇಲಿದ್ದ ಪೆನ್ಸಿಲನ್ನೇ ಇಸಿದುಕೊಂಡು, ಹೊಸದಾಗಿ ಹೊರೆದ ಒಂದು ಹಲಗೆಯ ಮೇಲೆ ಬರೆಯುತ್ತ ಹೋದೆ. ಉದ್ದದ ಎರಡರಷ್ಟು 6 ಮೀಟರ್. 590ರಿಂದ ಗುಣಿಸಿದರೆ ವೇಗ ಸೆಕೆಂಡಿಗೆ 3540 ಮೀಟರ್. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಘನಮೀಟರಿಗೆ ಸುಮಾರು 630 ಕಿಲೋ. ವೇಗದ ವರ್ಗವನ್ನು ಅದರಿಂದ ಗುಣಿಸಿದರೆ 7.9 ಗಿಗಾಪ್ಯಾಸ್ಕಲ್. ಮೊಮ್ಮಗ ತನ್ನ ಮೊಬೈಲಿನಲ್ಲಿ ಗುಣಿಸಿ ಸರಿಯೆಂದ.

ಅಜ್ಜ ಹಲಗೆಯನ್ನು ಕೈಗೆತ್ತಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. "ಸ್ವರ ಎರಡ್ ಸಲ ಗುಣಿಸ್ಬೇಕಾ? ಅದಕ್ಕೇ ಸ್ವರ ತುಸು ಏರಿದ್ರೂ ಮರ ಅಷ್ಟು ಬಿಗಿ ಇರ್ತದೆ" ಎಂದರು. ನಲವತ್ತು ವರ್ಷದ ನನ್ನ ಪಾಠದಲ್ಲಿ, ಸೂತ್ರವೊಂದನ್ನು ಮೊದಲ ಬಾರಿ ನೋಡಿದವರು ಅದರ ತಿರುಳಿಗೆ ಇಷ್ಟು ಬೇಗ ಕೈಹಾಕಿದ್ದನ್ನು ಹೆಚ್ಚು ಸಲ ಕಂಡಿಲ್ಲ.

ಆಗ ನಾನು ಆ ನಾಲ್ಕು ಅಂಕದ ವಿಷಯ ಎತ್ತಿದೆ. "ಅವತ್ತು ನಾನು ನಿನ್ನನ್ನು ಸರಿಯಾಗಿ ಪರೀಕ್ಷೆ ಮಾಡಲಿಲ್ಲ ಮಾರಾಯ" ಎಂದೆ. ಆತ ತುಸು ಹೊತ್ತು ಸುಮ್ಮನಿದ್ದು, "ಆವಾಗ ಬ್ಯಾಸರ ಆಗಿತ್ತು ಮೇಷ್ಟ್ರೇ. ಓದ್ಬೇಕು ಅಂತಿತ್ತು" ಎಂದಷ್ಟೇ ಹೇಳಿದ. ಪರವಾಗಿಲ್ಲ ಎನ್ನಲಿಲ್ಲ. ಎಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆದರೆ ಅದು ನಿಜವಾಗಿರುತ್ತಿರಲಿಲ್ಲ.

ಕೊಟ್ಟಿಗೆಯ ಮಾಡು ಮೊನ್ನೆ ಮುಗಿಯಿತು. ಲೆಕ್ಕ ಬರೆದ ಹಲಗೆಯನ್ನು ಎಲ್ಲಿ ಹಾಕಿದರೆಂದು ಹುಡುಕಿದೆ, ಕಾಣಲಿಲ್ಲ. ಮಡದಿ ಹೇಳಿದಳು: "ಅದನ್ನು ಆಚಾರ್ರು ಮನೆಗೆ ಒಯ್ದರು. ಅದರ ಬದಲಿಗೆ ಬೇರೆ ಹಲಗೆ ತಂದು ಹಾಕಿದ್ದಾರೆ."